ಹೆಸರನ್ನು ಬಲದಿಂದ ಓದಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ‘ಕೇರಳ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಯಾಗುವ ಹೆಸರನ್ನು ಮೊಬೈಲಿನಲ್ಲಿ ಒತ್ತುತ್ತೀರಿ. ಆದರೆ ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ಐಪಿ ವಿಳಾಸ ಎಂಬ ಸಂಖ್ಯೆಯಿಂದ. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿ ಕೊಡುವ ವ್ಯವಸ್ಥೆಯೇ ಡಿಎನ್‌ಎಸ್.

ಹಿಂದೆ ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು. ಪಟ್ಟಿ ಬೆಳೆದು ಸಂಭಾಳಿಸೋದು ಕಷ್ಟವಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅದನ್ನು ಹಲವು ಕಂಪ್ಯೂಟರುಗಳಿಗೆ ಹಂಚುವ ಉಪಾಯ ರೂಪಿಸಿದರು.

ಈಗ ಹುಡುಕಾಟ ಬಲದಿಂದ ಶುರು. ಇಂಟರ್ನೆಟ್ ಕಂಪನಿಯ ಸರ್ವರು ಮೊದಲು ‘ರೂಟ್’ ಸರ್ವರನ್ನು ಕೇಳುತ್ತದೆ. ಅದಕ್ಕೆ ಪೂರ್ತಿ ಉತ್ತರ ಗೊತ್ತಿಲ್ಲ. ‘ಇನ್’ ನೋಡಿಕೊಳ್ಳುವವರು ಯಾರು ಅಂತಷ್ಟೇ ಹೇಳುತ್ತದೆ. ಅವರು ‘ಗವ್ ಡಾಟ್ ಇನ್’ ಕಡೆ ಕಳಿಸ್ತಾರೆ, ಅಲ್ಲಿಂದ ‘ಕೇರಳ’. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ! ಸಿಕ್ಕ ಉತ್ತರವನ್ನು ಸರ್ವರು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತದೆ, ಮುಂದಿನವರು ಕೇಳಿದರೆ ಮತ್ತೆ ಅಲೆಯಬೇಕಿಲ್ಲ.

ಒಂದು ಮಾತು. ಮುಂದೆ ‘ಕೇರಳ’, ‘ರಿಸಲ್ಟ್’ ಎಂದೆಲ್ಲ ಇದ್ದು ಕೊನೆಗೆ ‘ಡಾಟ್ ಕಾಂ’ ಇದ್ದರೆ, ಅಂಥ ಹೆಸರನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಪಡೆಯಬಹುದು. ‘ಗವ್ ಡಾಟ್ ಇನ್’ ಸರಕಾರಿ ಸಂಸ್ಥೆಗಳಿಗೆ ಮಾತ್ರ. ಡಿಎನ್‌ಎಸ್ ಎರಡಕ್ಕೂ ಸಂಖ್ಯೆ ಕೊಡುತ್ತದೆ. ಸೈಟು ಅಸಲಿಯೋ ನಕಲಿಯೋ ಎಂದು ನೋಡುವುದು ಅದರ ಕೆಲಸವಲ್ಲ. ರಿಜಿಸ್ಟರ್ ನಂಬರು, ಹುಟ್ಟಿದ ದಿನಾಂಕ ತುಂಬುವ ಮೊದಲು ನೀವೇ ನೋಡಬೇಕು. ಹೆಸರಿನ ನಂತರ ಓರೆಗೆರೆ ಬಂದರೆ ಹೆಸರು ಅಲ್ಲಿಗೆ ಮುಗೀತು; ಅಲ್ಲಿಂದ ಎಡಕ್ಕೆ ಓದಿ.

ಅಂದಹಾಗೆ, ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂಬ ಕೊನೆಯೂ ಇದೆ. ಬ್ರೌಸರು ಅದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲಾಗಿ ಬದಲಿಸಿ ಡಿಎನ್‌ಎಸ್‌ಗೆ ಕಳಿಸುತ್ತದೆ.