ಬಾಟ್ಲಿ ನಿಪ್ಪಲ್ ಮುರಿದರೆ ಇಂಜಿನ್ನೇ ಹೋದೀತು: ಹಳೇ ಟ್ರ್ಯಾಕ್ಟರ್, ಗೂಡ್ಸ್ ಗಾಡಿ ಇರೋರು ಗಮನಿಸಿ

ಚಳ್ಳಕೆರೆ/ಮೊಳಕಾಲ್ಮುರು: ಶೇಂಗಾ ಬಿತ್ತನೆಗೆ ಹೊಲ ಹದ ಮಾಡೋ ಹೊತ್ತಲ್ಲೇ ಟ್ರ್ಯಾಕ್ಟರ್ ಬಿಸಿಯಾಗಿ ನಿಲ್ಲುತ್ತದೆ. ಬಾನೆಟ್ ಎತ್ತಿದರೆ ಹೊಗೆಯಂಥ ಹಬೆ. "ಗಾಡಿ ನೀರು ಕುಡೀತೈತೆ" ಅಂತ ದಿನಾ ಒಂದು ಚೊಂಬು ಬೋರ್‌ವೆಲ್ ನೀರು ಹುಯ್ದು ಮುಂದೆ ಸಾಗೋರೇ ಹೆಚ್ಚು. ಆದರೆ ಇಂಜಿನ್ ನೀರು ಕುಡಿಯಲ್ಲ, ನೀರು ಎಲ್ಲೋ ಸೋರುತ್ತಿರುತ್ತದೆ. ಹಳೇ ಗಾಡಿಗಳಲ್ಲಿ ಆ ಜಾಗ ಎಷ್ಟೋ ಸಲ ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಕೂಲೆಂಟ್ ಬಾಟ್ಲಿಯ ನಿಪ್ಪಲ್.

ಬಾಟ್ಲಿ ಕೆಲಸ ಏನು?

ಇಂಜಿನ್ ಕಾದಾಗ ಕೂಲೆಂಟ್ ಹಿಗ್ಗುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಒತ್ತಿಕೊಂಡು ಹೆಚ್ಚಾದದ್ದು ಸಣ್ಣ ಪೈಪಿನ ಮೂಲಕ ಬಾಟ್ಲಿಗೆ ಬರುತ್ತದೆ. ಇಂಜಿನ್ ತಣ್ಣಗಾದಾಗ ಅದೇ ಪೈಪಿನಲ್ಲಿ ವಾಪಸ್ ಎಳೆದುಕೊಳ್ಳುತ್ತದೆ. ನಿಪ್ಪಲ್ ಸೀಳಿದ್ದರೆ ಬಂದ ಕೂಲೆಂಟ್ ನೆಲದ ಪಾಲು. ವಾಪಸ್ ಎಳೆಯುವಾಗ ಕೂಲೆಂಟ್ ಬದಲು ಗಾಳಿ ಒಳಹೋಗುತ್ತದೆ. ದಿನಕ್ಕಿಷ್ಟು ಅಂತ ಮಟ್ಟ ಇಳಿದು ಒಂದು ದಿನ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಚಿಲ್ಲರೆ ಖರ್ಚಿನಲ್ಲಿ ಮುಗಿಯೋ ಕೆಲಸ ಹೆಡ್ ಇಳಿಸೋವರೆಗೆ ಹೋಗುತ್ತದೆ.

ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬೋಟುಗಳಲ್ಲೂ ಇದೇ ಲೆಕ್ಕ. ಒಳಗೆ ಸುತ್ತುವ ಕೂಲೆಂಟನ್ನು ತಣ್ಣಗೆ ಮಾಡೋಕೆ ಅಲ್ಲಿ ಸಮುದ್ರದ ನೀರು ಇದೆ. ನಮ್ಮ ಕಡೆ ಇರೋದು 40 ಡಿಗ್ರಿ ಹತ್ತಿರದ ಬೇಸಿಗೆ ಗಾಳಿ, ಜೊತೆಗೆ ರೇಡಿಯೇಟರ್ ಜಾಲರಿ ತುಂಬ ಕೆಮ್ಮಣ್ಣಿನ ಧೂಳು. ಹಾಗಾಗಿ ಸಣ್ಣ ಸೋರಿಕೆಯೂ ಇಲ್ಲಿ ದೊಡ್ಡದೇ.

ಮೊದಲು ಬಾಟ್ಲಿ ಯಾವುದು ನೋಡಿ

ಒತ್ತಡದ ಮುಚ್ಚಳ ರೇಡಿಯೇಟರ್ ಮೇಲಿದ್ದು, ಬಾಟ್ಲಿಗೆ ಸಾದಾ ಮುಚ್ಚಳ ಇದ್ದರೆ ಅದು ಒತ್ತಡ ಇಲ್ಲದ ಬಾಟ್ಲಿ. ಇದನ್ನು ರಿಪೇರಿ ಮಾಡಬಹುದು. ಬಾಟ್ಲಿಗೇ ತಿರುಪಿನ ಒತ್ತಡದ ಮುಚ್ಚಳ ಇದ್ದು, ಬಿಸಿ ಇದ್ದಾಗ ತೆಗೆಯಬೇಡಿ ಎಂಬ ಗುರುತಿದ್ದರೆ ಅಂಟು, ಬೆಸುಗೆ ಯಾವುದೂ ಬೇಡ, ಹೊಸದನ್ನೇ ಹಾಕಿಸಿ. ಒತ್ತಡಕ್ಕೆ ತೇಪೆ ಕಿತ್ತುಬಂದರೆ ಕುದಿಯುವ ಕೂಲೆಂಟ್ ಮೈಮೇಲೆ ಬೀಳುತ್ತದೆ.

ಇಂಜಿನ್ ಪೂರ್ತಿ ತಣ್ಣಗಾಗೋವರೆಗೆ ಯಾವ ಮುಚ್ಚಳವನ್ನೂ ಮುಟ್ಟಬಾರದು. 7 ಪಿಎಸ್‌ಐ ಮುಚ್ಚಳ ಇದ್ದರೆ ಒಳಗಿನ ನೀರು ಸುಮಾರು 110 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಒಮ್ಮೆಲೇ ಉಕ್ಕುತ್ತದೆ. ಮುಖ, ಕೈ ಸುಟ್ಟುಕೊಳ್ಳೋದು ಹೀಗೆಯೇ.

ರಿಪೇರಿ ಹೀಗೆ

1. ಬಾಟ್ಲಿ ಬಿಚ್ಚಿ ತೊಳೆದು ಒರೆಸಿ. ನೀರು ತುಂಬಿ, ನಿಪ್ಪಲ್ ಬಾಯಿಗೆ ಬೆರಳು ಒತ್ತಿ ಹಿಡಿದು ನೋಡಿದರೆ ಸೀಳು ಎಲ್ಲಿದೆ ಅಂತ ತಿಳಿಯುತ್ತದೆ.

2. ನಿಪ್ಪಲ್ ಚೆನ್ನಾಗಿದ್ದು ಪೈಪಿನ ತುದಿ ಗಡಸಾಗಿದ್ದರೆ, ಅರ್ಧ ಇಂಚು ಕತ್ತರಿಸಿ ಹೊಸ ಕ್ಲಿಪ್ ಹಾಕಿ. ಕಟ್ಟುವ ತಂತಿ ಬೇಡ, ಅದು ರಬ್ಬರನ್ನೇ ಕೊಯ್ಯುತ್ತದೆ.

3. ನಿಪ್ಪಲ್ ಮುರಿದಿದ್ದರೆ ಫೆವಿಕ್ವಿಕ್, ಎಂ-ಸೀಲ್ ನಂಬಬೇಡಿ. ಈ ಬಾಟ್ಲಿಗಳು ಸಾಮಾನ್ಯವಾಗಿ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಇವುಗಳಿಗೆ ಅಂಟು ಹಿಡಿಯಲ್ಲ, ನಾಲ್ಕು ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ.

4. ಮುರಿದ ಭಾಗವನ್ನು ಸಮ ಮಾಡಿ, ಅಳತೆಗೆ ತೂತು ಕೊರೆದು, ತಿರುಪಿರುವ ಹಿತ್ತಾಳೆ ನಿಪ್ಪಲ್ ಕೂರಿಸಿ. ಬಿಸಿ ತಡೆಯುವ ರಬ್ಬರ್ ವಾಷರ್ ಎರಡೂ ಕಡೆ ಇರಲಿ. ಒಳಗೆ ಕೈ ಹೋಗದಿದ್ದರೆ ತೂತಿನಿಂದ ಬಾಟ್ಲಿ ಬಾಯಿವರೆಗೆ ಸಣ್ಣ ತಂತಿ ತೂರಿಸಿ. ವಾಷರ್ ಸಮೇತ ನಿಪ್ಪಲನ್ನು ಆ ತಂತಿಗೆ ಪೋಣಿಸಿ ಒಳಗಿನಿಂದ ಜಾರಿಸಿದರೆ ತಾನಾಗಿ ತೂತಿಗೆ ಬರುತ್ತದೆ. ನಟ್ಟನ್ನು ಹೊರಗಿನಿಂದ ಹಿತವಾಗಿ ಬಿಗಿಯಿರಿ. ಅತಿಯಾದರೆ ಪ್ಲಾಸ್ಟಿಕ್ ಸೀಳುತ್ತದೆ.

5. ಇನ್ನೊಂದು ದಾರಿ: ಕೆಳಗಿನ ತೂತನ್ನು ಪ್ಲಾಸ್ಟಿಕ್ ವೆಲ್ಡಿಂಗ್‌ನಿಂದ ಮುಚ್ಚಿಸಿ. ಪೈಪನ್ನು ಬಾಟ್ಲಿ ಮುಚ್ಚಳದ ಮೂಲಕ ತಳದಿಂದ ಅರ್ಧ ಇಂಚು ಮೇಲಿನವರೆಗೆ ಇಳಿಬಿಡಿ. ಗಾಳಿಯಾಡಲು ಮುಚ್ಚಳದಲ್ಲಿ ಸಣ್ಣ ತೂತು ಇರಬೇಕು. ಪೈಪಿನ ತುದಿ ಯಾವಾಗಲೂ ಕೂಲೆಂಟ್‌ನಲ್ಲಿ ಮುಳುಗಿರಲಿ.

6. ರೇಡಿಯೇಟರ್ ತುಂಬಿಸಿ, ಬಾಟ್ಲಿಗೆ ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ಹಾಕಿ, ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಮಟ್ಟ ನೋಡಿ. ಮೊದಲಿನ ಜಾಗಕ್ಕೇ ಬಂದಿದ್ದರೆ ಕೆಲಸ ಆಯ್ತು. ಬಾಟ್ಲಿಗೆ ಬಂದದ್ದು ವಾಪಸ್ ಹೋಗದಿದ್ದರೆ ರೇಡಿಯೇಟರ್ ಮುಚ್ಚಳದ ವಾಷರ್ ಹೋಗಿದೆ ಅಥವಾ ಪೈಪ್ ಗಾಳಿ ಎಳೆಯುತ್ತಿದೆ. ಇಂಜಿನ್ ಓಡುವಾಗ ಬಾಟ್ಲಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.

ಬೋರ್‌ವೆಲ್ ನೀರು ಬೇಡ

ಕೊಡದೊಳಗೆ ಬಿಳಿ ಪೊರೆ ಕಟ್ಟುವ ಗಡಸು ನೀರು ರೇಡಿಯೇಟರ್ ಒಳಗೂ ಅದನ್ನೇ ಕಟ್ಟುತ್ತದೆ. ಆ ಪೊರೆ ಕಂಬಳಿ ಹೊದಿಸಿದಂತೆ, ಶಾಖ ಹೊರಹೋಗಲು ಬಿಡಲ್ಲ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ಬೆರೆಸಿ. ದಾರಿಯಲ್ಲಿ ಬೇರೆ ಗತಿ ಇಲ್ಲದೆ ಬೋರ್ ನೀರು ಹಾಕಿದ್ದರೆ, ಊರಿಗೆ ಬಂದ ಮೇಲೆ ಪೂರ್ತಿ ಬಸಿದು ಹೊಸದು ತುಂಬಿಸಿ.

ಅಂಗಡಿಯವರಿಗೆ ಒಂದು ಮಾತು

ಹಸಿರು, ಕೆಂಪು ಅನ್ನೋ ಬಣ್ಣ ನೋಡಿ ಕೂಲೆಂಟ್ ಕೊಡಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ನೀರು ಬೆರೆಸಬೇಕಾದದ್ದೋ, ನೇರ ಹಾಕುವಂಥದ್ದೋ ಅಂತ ಡಬ್ಬಿ ಓದಿ ಹೇಳಿ. ಬಿಡಿಯಾಗಿ ಮಾರುವಾಗ ತಂಪು ಪಾನೀಯದ ಬಾಟ್ಲಿಗೆ ತುಂಬಿಸಿ ಕೊಡಲೇಬೇಡಿ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮಕ್ಕಳು ಜ್ಯೂಸ್ ಅಂದುಕೊಂಡು ಕುಡಿದರೆ ಮೂತ್ರಪಿಂಡ ಹೋಗಿ ಜೀವಕ್ಕೇ ಅಪಾಯ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಕರು ನೆಕ್ಕಿದರೂ ಅಷ್ಟೇ. ಬಸಿದದ್ದನ್ನು ಕ್ಯಾನಿನಲ್ಲಿ ಹಿಡಿದು, ಮುಚ್ಚಳ ಬಿಗಿದು, ಮೇಲೆ 'ವಿಷ' ಅಂತ ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಚರಂಡಿಗೆ ಸುರಿಯಬೇಡಿ.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಬಾಟ್ಲಿ ಕಡೆ ಒಮ್ಮೆ ಕಣ್ಣು ಹಾಯಿಸಲು ಅರ್ಧ ನಿಮಿಷ ಸಾಕು. ಮಟ್ಟ ನಿನ್ನೆಗಿಂತ ಕೆಳಗಿದ್ದರೆ ನೀರು ಹುಯ್ಯೋಕೆ ಮೊದಲು ನಿಪ್ಪಲ್ ನೋಡಿ.