‘ಲೋನ್ ಬೇಕಾ ಸರ್?’

ಊಟ ಮುಗಿಸಿ ಹತ್ತು ನಿಮಿಷ ಕಣ್ಣು ಮುಚ್ಚೋಣ ಎನ್ನುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್, ದೇವನಹಳ್ಳಿ ಕಡೆಯ ಸೈಟು, ಮಗುವಿಗೆ ಕೋಡಿಂಗ್ ಕ್ಲಾಸು. ಸರಕು ಬೇರೆ ಬೇರೆ, ರಾಗ ಒಂದೇ. ‘ಡಿಎನ್‌ಡಿ ಹಾಕಿಸಿದ್ದೀವಿ ಕಣ್ರೀ, ಆದ್ರೂ ಬರ್ತವೆ’ ಎಂದು ಗೊಣಗುವವರು ಪ್ರತಿ ಮನೆಯಲ್ಲೂ ಇದ್ದಾರೆ. ಗೊಣಗಾಟದಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂದು ತಿಳಿಯಲು ಕರೆ ಬಂದ ನಂಬರನ್ನು ಒಮ್ಮೆ ಸರಿಯಾಗಿ ನೋಡಿದರೆ ಸಾಕು.

ನಂಬರು 140ರಿಂದ ಶುರುವಾಗಿದ್ದರೆ ಅದು ನೋಂದಾಯಿತ ಟೆಲಿಮಾರ್ಕೆಟಿಂಗ್ ಕರೆ. ಪ್ರಚಾರದ ಕರೆಗಳಿಗೆಂದೇ ಮೀಸಲಿಟ್ಟ ಸರಣಿ ಅದು. ಬ್ಯಾಂಕು, ವಿಮಾ ಕಂಪನಿಗಳು ನಿಮ್ಮ ಖಾತೆಯ ಕೆಲಸಕ್ಕೆ ಮಾಡುವ ಕರೆಗೆ 1600 ಎಂಬ ಬೇರೆ ಸರಣಿ ಇದೆ. 140ರವರ ಮೇಲೆ ಡಿಎನ್‌ಡಿ, ಅಂದರೆ ಪ್ರಚಾರದ ಕರೆ ಬೇಡವೆಂದವರ ‘ಡು ನಾಟ್ ಡಿಸ್ಟರ್ಬ್’ ಪಟ್ಟಿ, ನಿಜಕ್ಕೂ ಕೆಲಸ ಮಾಡುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಲ್ಲಿ ಮೊದಲ ಪಟ್ಟಿ ಶುರು ಮಾಡಿತು. 2010ರಲ್ಲಿ ನಿಯಮ ಬಿಗಿ ಮಾಡಿತು. 2018ರಲ್ಲಿ ಇಡೀ ವ್ಯವಸ್ಥೆಯನ್ನು ಬ್ಲಾಕ್‌ಚೈನ್ ಮೇಲೆ ತಂದಿತು. ಈಗ ನೋಂದಾಯಿತ ಕಂಪನಿ ತನ್ನ ಕರೆಪಟ್ಟಿಯನ್ನು ಡಿಎನ್‌ಡಿ ಪಟ್ಟಿಯೊಂದಿಗೆ ಹೋಲಿಸಿ, ಬೇಡವೆಂದವರ ನಂಬರು ತೆಗೆದ ಮೇಲೆಯೇ ಡಯಲ್ ಮಾಡಬೇಕು.

ಆ ಪಟ್ಟಿಗೆ ಸೇರುವುದು ಸುಲಭ. ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು, ಜಾಗ ಬಿಟ್ಟು 0 ಹಾಕಿ 1909ಕ್ಕೆ ಕಳಿಸಿದರೆ ಎಲ್ಲ ಬಗೆಯ ಪ್ರಚಾರವೂ ಬಂದ್. ಬ್ಯಾಂಕು-ವಿಮೆ, ರಿಯಲ್ ಎಸ್ಟೇಟ್, ಶಿಕ್ಷಣ, ಹೀಗೆ ಬೇಡವಾದ ಬಗೆಯನ್ನಷ್ಟೇ ಆರಿಸಿ ಬಿಡಿಬಿಡಿಯಾಗಿಯೂ ನಿಲ್ಲಿಸಬಹುದು. ಲ್ಯಾಂಡ್‌ಲೈನ್ ಇರುವವರು 1909ಕ್ಕೆ ಕರೆ ಮಾಡಿ ಹೇಳಬಹುದು. ಒಟಿಪಿ ಬರುವುದು ನಿಂತುಹೋದೀತು ಎಂದು ಹೆದರಿ ಎಷ್ಟೋ ಜನ ಈ ತಂಟೆಗೇ ಹೋಗುವುದಿಲ್ಲ. ಹಾಗೇನೂ ಆಗುವುದಿಲ್ಲ. ಒಟಿಪಿ, ಖಾತೆಯ ಜಮಾ-ಖರ್ಚಿನ ಮೆಸೇಜು ಎಂದಿನಂತೆ ಬರುತ್ತವೆ.

ಗೊಣಗಾಟದ ನಿಜವಾದ ಅರ್ಧ ಇರುವುದು ಸಾಮಾನ್ಯ ಹತ್ತಂಕಿ ಮೊಬೈಲ್ ನಂಬರಿನಿಂದ ಬರುವ ಕರೆಗಳಲ್ಲಿ. ಇವರು ಎಲ್ಲಿಯೂ ನೋಂದಾಯಿಸಿಕೊಂಡವರಲ್ಲ. ಪಟ್ಟಿಯನ್ನೇ ನೋಡದವನಿಗೆ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೇನು, ಬಿಟ್ಟರೇನು? ಫೋನೆತ್ತಿ ‘ಹಲೋ’ ಎಂದರೂ ಆ ಕಡೆ ಸದ್ದೇ ಇಲ್ಲದ ಕರೆಗಳ ಹಿಂದೆಯೂ ಎಷ್ಟೋ ಸಲ ಇಂಥವರೇ ಇರುತ್ತಾರೆ. ಅಲ್ಲಿ ಡಯಲ್ ಮಾಡುವುದು ಮನುಷ್ಯರಲ್ಲ, ಆಟೊ ಡಯಲರ್ ಎಂಬ ತಂತ್ರಾಂಶ. ಹತ್ತು ಜನರಲ್ಲಿ ಎತ್ತುವವರು ನಾಲ್ಕೈದು ಮಂದಿ ಎಂದು ಅಂದಾಜು ಹಾಕಿ, ಕೂತಿರುವ ಹುಡುಗ ಹುಡುಗಿಯರ ಸಂಖ್ಯೆಗಿಂತ ಹೆಚ್ಚು ನಂಬರುಗಳನ್ನು ಅದು ಒಟ್ಟಿಗೆ ಒತ್ತುತ್ತದೆ. ಅಂದಾಜು ಮೀರಿ ಜನ ಎತ್ತಿದರೆ ಮಾತಾಡಲು ಯಾರೂ ಖಾಲಿ ಇರುವುದಿಲ್ಲ. ನಿಮಗೆ ಕೇಳಿಸಿದ ಮೌನ ಅದೇ.

ಇಂಥ ನಂಬರನ್ನು ಬ್ಲಾಕ್ ಮಾಡಿ ಸುಮ್ಮನಾಗುವುದು ನಮ್ಮೆಲ್ಲರ ರೂಢಿ. ಅದರಿಂದ ನಮ್ಮ ಫೋನಿಗೆ ಆ ಒಂದು ನಂಬರು ಬರುವುದಿಲ್ಲ, ಅಷ್ಟೆ. ಸಿಮ್ಮು ಜೀವಂತವಾಗಿಯೇ ಇರುತ್ತದೆ, ಪಕ್ಕದ ಬೀದಿಯವರಿಗೆ ಫೋನು ಹೋಗುತ್ತಲೇ ಇರುತ್ತದೆ, ನಾಳೆ ಇನ್ನೊಂದು ನಂಬರಿನಿಂದ ನಮಗೂ ಬರುತ್ತದೆ. ನನ್ನ ಮಟ್ಟಿಗೆ ಬ್ಲಾಕ್ ಮಾಡುವುದು ಎರಡನೆಯ ಕೆಲಸ, ದೂರು ಕೊಡುವುದು ಮೊದಲನೆಯದು. 2025ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ತಿದ್ದಿದ ಮೇಲಂತೂ ದೂರಿಗೆ ಬಲ ಬಂದಿದೆ. ಮೊದಲು ಒಬ್ಬ ಕರೆಗಾರನ ಮೇಲೆ ಕ್ರಮವಾಗಲು 7 ದಿನದಲ್ಲಿ 10 ದೂರು ಬೇಕಿತ್ತು. ಈಗ 10 ದಿನದಲ್ಲಿ 5 ಸಾಕು. ದೂರು ಕೊಡಲು ಇದ್ದ 3 ದಿನದ ಗಡುವು 7 ದಿನವಾಗಿದೆ. ನೋಂದಣಿಯಿಲ್ಲದೆ ಕರೆ ಮಾಡುವವರ ಮೇಲೆ ದೂರು ಕೊಡಲು ನೀವು ಡಿಎನ್‌ಡಿ ಹಾಕಿಸಿರಲೇಬೇಕೆಂದಿಲ್ಲ. ಮೊದಲ ಸಲ ಸಿಕ್ಕಿಬಿದ್ದವನ ಹೊರಹೋಗುವ ಕರೆ 15 ದಿನ ಬಂದ್. ಮತ್ತೆ ಸಿಕ್ಕಿದರೆ ಅವನ ಹೆಸರಿನ ಸಂಪರ್ಕಗಳೆಲ್ಲ ಒಂದು ವರ್ಷ ಬಂದ್.

ದೂರಿಗೆ ಬೇಕಾದದ್ದು ಮೂರೇ ವಿವರ: ಕರೆ ಬಂದ ನಂಬರು, ತಾರೀಖು, ಏನು ಮಾರುತ್ತಿದ್ದರು ಎಂಬ ಒಂದು ಸಾಲು. ಅದನ್ನು 1909ಕ್ಕೆ ಮೆಸೇಜು ಮಾಡಬಹುದು, ಇಲ್ಲವೇ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಕರೆಪಟ್ಟಿಯಿಂದಲೇ ನಂಬರು ಆರಿಸಿ ಒತ್ತಬಹುದು. ಬೈದು ಫೋನಿಡುವುದಕ್ಕೂ ಇದಕ್ಕೂ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ.

ಬೈಗುಳದ ಮಾತು ಬಂತು. ಆ ಕಡೆ ಇರುವುದು ಟಾರ್ಗೆಟ್ಟಿಗೆ ಜೋತುಬಿದ್ದ ಸಂಬಳದ ಹುಡುಗಿ. ಬೈದರೆ ಕರೆ ನಿಲ್ಲುವುದಿಲ್ಲ. ಹಾಗೆಂದು ಮರ್ಯಾದೆಗೆ ಬಿದ್ದರೂ ಕಷ್ಟವೇ. ಮನೆಯಲ್ಲಿ ಅಜ್ಜಿ ಫೋನೆತ್ತಿದಾಗ ನಡೆಯುವ ಮಾತು ಕೇಳಿ:

‘ಅಮ್ಮಾ, ನಿಮ್ಮ ಹೆಸರಲ್ಲಿ ಐದು ಲಕ್ಷ ಅಪ್ರೂವ್ ಆಗಿದೆ.’

‘ನಂಗ್ಯಾಕಮ್ಮಾ ಈಗ ಸಾಲ? ಪೆನ್ಷನ್ ಬರತ್ತೆ. ನಮ್ಮ ಹುಡುಗ ಏಳಕ್ಕೆ ಬರ್ತಾನೆ, ಆಗ ಮಾಡು.’

ಬೇಡವೆನ್ನುವ ಭರದಲ್ಲಿ ಅಜ್ಜಿ ಎಷ್ಟೊಂದು ಬಿಟ್ಟುಕೊಟ್ಟರು! ಪೆನ್ಷನ್ ಇದೆ, ಸಂಜೆಯವರೆಗೆ ಮಗ ಮನೆಯಲ್ಲಿಲ್ಲ, ಏಳಕ್ಕೆ ಮತ್ತೆ ಫೋನ್ ಮಾಡಬಹುದು. ಕರೆ ಮುಗಿದ ಕೂಡಲೇ ಆ ಹುಡುಗಿ ಕಂಪ್ಯೂಟರಿನಲ್ಲಿ ಫಲಿತಾಂಶ ನಮೂದಿಸಬೇಕು. ‘ಆಮೇಲೆ ಮಾಡಿ’, ‘ಈಗ ಬಿಜಿ ಇದೀನಿ’ ಎಂದವರೆಲ್ಲ ‘ಕಾಲ್ ಬ್ಯಾಕ್’ ಖಾನೆಗೆ ಬೀಳುತ್ತಾರೆ. ನಮ್ಮ ದಾಕ್ಷಿಣ್ಯವೇ ಮುಂದಿನ ಕರೆಗೆ ಮುಹೂರ್ತ ಇಟ್ಟುಕೊಟ್ಟಂತೆ. ‘ಬೇಡಮ್ಮ, ಈ ನಂಬರಿಗೆ ಇನ್ನು ಮಾಡಬೇಡಿ’ ಎಂದಷ್ಟೇ ಹೇಳಿ ಇಟ್ಟುಬಿಡಬೇಕು. ಕಾರಣ ಕೊಟ್ಟರೆ, ಕಾರಣಕ್ಕೊಂದು ಉತ್ತರ ಅವರ ಮುಂದಿನ ಹಾಳೆಯಲ್ಲಿ ಬರೆದೇ ಇರುತ್ತದೆ.

ಡಿಎನ್‌ಡಿ ಇದ್ದೂ 140ರಿಂದ ಕರೆ ಬಂದರೆ, ಎಲ್ಲೋ ನೀವೇ ಒಪ್ಪಿಗೆ ಕೊಟ್ಟಿರುವ ಸಾಧ್ಯತೆಯುಂಟು. ಮಾಲ್‌ನ ಲಕ್ಕಿ ಡ್ರಾ ಚೀಟಿ, ಆ್ಯಪ್‌ನಲ್ಲಿ ಓದದೆ ಒತ್ತಿದ ಟಿಕ್ಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಹಾಗೆ ತೆಗೆದ ಮೇಲೆ 90 ದಿನ ಆ ಕಂಪನಿ ಮತ್ತೆ ಒಪ್ಪಿಗೆ ಕೇಳುವಂತಿಲ್ಲ.

ಕೆವೈಸಿ ಅವಧಿ ಮುಗಿದಿದೆ, ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಎನ್ನುವ ಕರೆಗಳು ಮಾರಾಟದವಲ್ಲ, ಮೋಸದವು. ಅವನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗಕ್ಕೆ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇನ್ನು ವಾಟ್ಸಾಪ್‌ನಲ್ಲಿ ಬರುವ ಸೈಟು-ಸಾಲದ ಕರೆಗಳಿಗೆ ಟ್ರಾಯ್‌ನ ಈ ನಿಯಮ ಅನ್ವಯಿಸುವುದಿಲ್ಲ, ಅವನ್ನು 1909ಕ್ಕೆ ಬರೆದು ಫಲವಿಲ್ಲ. ಅಲ್ಲಿ ಸದ್ಯಕ್ಕೆ ಉಳಿದಿರುವುದು ಆ ಆ್ಯಪ್‌ನದೇ ರಿಪೋರ್ಟ್ ಬಟನ್ನು, ಮತ್ತು ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಅಪರಿಚಿತ ಕರೆಗಳ ಬಾಯಿ ಮುಚ್ಚಿಸುವ ಒಂದು ಆಯ್ಕೆ.