ಕಾಡುನಾಯಿಗಳಿಗೆ ಮರಳಿ ಕಾಡು

ಒಂದು ಕಾಡಿನಿಂದ ಅಳಿದುಹೋದ ಪ್ರಾಣಿಯನ್ನು ಮರಳಿ ಅಲ್ಲಿಗೆ ತರುವುದು ಮೇಲುನೋಟಕ್ಕೆ ಸುಲಭವಾದ ಕೆಲಸವೆಂದು ತೋರುತ್ತದೆ. ಇರುವ ಕಡೆಯಿಂದ ಕೆಲವನ್ನು ಹಿಡಿದು, ಪಂಜರದಲ್ಲಿ ಸಾಗಿಸಿ, ಇಲ್ಲದ ಕಡೆ ಬಾಗಿಲು ತೆರೆದರೆ ಸಾಲದೆ? ಕೆಲವು ಪ್ರಾಣಿಗಳಿಗೆ ಅಷ್ಟೇ ಸಾಕಾಗಲೂಬಹುದು. ಆದರೆ ಗುಂಪಾಗಿ ಬೇಟೆಯಾಡಿ, ಗುಂಪಾಗಿ ಮರಿಗಳನ್ನು ಸಾಕುವ ಮಾಂಸಾಹಾರಿಗಳಿಗೆ ಅದು ಸಾಲದು. ಅಲ್ಲಿ ಬಿಡಬೇಕಾದುದು ಹತ್ತು ಪ್ರಾಣಿಗಳನ್ನಲ್ಲ, ಒಂದು ಸಂಸಾರವನ್ನು. ಈ ಪಾಠವನ್ನು ವಿಜ್ಞಾನಿಗಳಿಗೆ ಕಲಿಸಿದುದು ಆಫ್ರಿಕದ ಕಾಡುನಾಯಿ.

ಒಂದು ಅವಿಭಕ್ತ ಕುಟುಂಬ

ಕಪ್ಪು, ಹಳದಿ, ಬಿಳಿ ಬಣ್ಣಗಳನ್ನು ಮೈಮೇಲೆ ಎರಚಿದಂತೆ ಕಾಣುವ ಈ ಪ್ರಾಣಿಯ ಶಾಸ್ತ್ರೀಯ ನಾಮ ಲೈಕಾನ್ ಪಿಕ್ಟಸ್. ಬಣ್ಣ ಬಳಿದ ತೋಳ ಎಂದು ಅದರ ಅರ್ಥ. ಒಂದರ ಮಚ್ಚೆಗಳು ಇನ್ನೊಂದಕ್ಕಿರುವುದಿಲ್ಲ. ಆದಕಾರಣ ಸಂಶೋಧಕರು ಛಾಯಾಚಿತ್ರಗಳ ಸಹಾಯದಿಂದ ಒಂದೊಂದು ನಾಯಿಯನ್ನೂ ಗುರುತಿಸಬಲ್ಲರು. ಊರನಾಯಿಯ ಮುಂಗಾಲಿಗೆ ಐದು ಬೆರಳುಗಳಿದ್ದರೆ ಇದಕ್ಕೆ ನಾಲ್ಕೇ.

ಹಿಂಡಿನಲ್ಲಿ ಸಾಮಾನ್ಯವಾಗಿ ಯಜಮಾನ ಜೋಡಿಯೊಂದೇ ಮರಿಹಾಕುತ್ತದೆ. ಒಂದೇ ಸೂಲಿನಲ್ಲಿ ಹತ್ತು ಮರಿಗಳು ಹುಟ್ಟುವುದು ಅಪರೂಪವಲ್ಲ. ಇಷ್ಟು ಮರಿಗಳನ್ನು ಸಾಕುವುದು ತಾಯಿಯೊಬ್ಬಳಿಂದ ಆಗುವ ಕೆಲಸವೆ? ಉಳಿದ ನಾಯಿಗಳು ಬೇಟೆಯಾಡಿ, ಹೊಟ್ಟೆಯಲ್ಲಿ ಮಾಂಸವನ್ನು ಹೊತ್ತು ತಂದು, ಗುಹೆಯ ಬಾಯಲ್ಲಿ ಕಕ್ಕಿ ತಾಯಿಗೂ ಮರಿಗಳಿಗೂ ಉಣಿಸುತ್ತವೆ. ಗಾಯಗೊಂಡ ನಾಯಿಗೂ ಮರಿಗಳ ಕಾವಲಿಗೆ ನಿಂತ ನಾಯಿಗೂ ಅದರಲ್ಲಿ ಪಾಲುಂಟು. ಹಿಂಡು ತೀರ ಚಿಕ್ಕದಾದರೆ ಈ ವ್ಯವಸ್ಥೆ ಕುಸಿಯುತ್ತದೆ: ಎಲ್ಲವೂ ಬೇಟೆಗೆ ಹೋದರೆ ಮರಿಗಳಿಗೆ ಕಾವಲಿಲ್ಲ, ಒಂದು ಕಾವಲಿಗೆ ನಿಂತರೆ ಬೇಟೆಗೆ ಬಲವಿಲ್ಲ.

ಇಂತಹ ಪ್ರಾಣಿಯನ್ನು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಮನುಷ್ಯನು ಪೀಡೆಯೆಂದು ಬಗೆದು ಗುಂಡಿಟ್ಟು ಕೊಂದನು. ವನ್ಯಮೃಗಗಳ ರಕ್ಷಣೆಗೆಂದೇ ಇದ್ದ ಅಧಿಕಾರಿಗಳೂ ಇದಕ್ಕೆ ಕರುಣೆ ತೋರಲಿಲ್ಲ. ಜಿಂಕೆಗಳಿಗೆಂದು ಒಡ್ಡಿದ ಉರುಲುಗಳು, ಸಾಕುನಾಯಿಗಳಿಂದ ಬಂದ ರೇಬೀಸ್ ಮತ್ತು ಡಿಸ್ಟೆಂಪರ್ ರೋಗಗಳು ಉಳಿದ ನಾಶವನ್ನು ಪೂರೈಸಿದವು. 2012ರ ಅಂದಾಜಿನಂತೆ ಇಡೀ ಆಫ್ರಿಕದಲ್ಲಿ ಉಳಿದಿದ್ದ ಕಾಡುನಾಯಿಗಳು ಸುಮಾರು 6,600. ಅವುಗಳಲ್ಲಿ ಸಂತಾನಕ್ಕೆ ಸಮರ್ಥವಾದವು ಸುಮಾರು 1,400 ಮಾತ್ರ.

ಸೋಲು ಕಲಿಸಿದ ಪಾಠ

ನಮೀಬಿಯದ ಇಟೋಷ ರಾಷ್ಟ್ರೀಯ ಉದ್ಯಾನದಲ್ಲಿ 1978, 1989 ಮತ್ತು 1990ರಲ್ಲಿ ಮೂರು ಸಲ ಈ ನಾಯಿಗಳನ್ನು ಬಿಟ್ಟು ನೋಡಿದರು. ಮೂರು ಸಲವೂ ಪ್ರಯತ್ನ ನಿಷ್ಫಲವಾಯಿತು. ಅವು ಸೆರೆಯಲ್ಲಿ ಬೆಳೆದ ನಾಯಿಗಳು. ಬೇಟೆಯ ವಿದ್ಯೆ ಅವುಗಳಿಗೆ ಹಿರಿಯರಿಂದ ಬಂದಿರಲಿಲ್ಲ, ಸಿಂಹದ ಭಯವನ್ನು ಯಾರೂ ಕಲಿಸಿರಲಿಲ್ಲ. ಕೆಲವನ್ನು ಸಿಂಹಗಳು ಕೊಂದವು, ಕೆಲವು ರೇಬೀಸಿಗೆ ತುತ್ತಾದವು.

ದಕ್ಷಿಣ ಆಫ್ರಿಕದಲ್ಲಿ ನಡೆದ ಪ್ರಯೋಗಗಳು ಬೇರೊಂದು ದಾರಿ ತೋರಿಸಿದವು. ಬಿಡುವ ಮುನ್ನ ನಾಯಿಗಳನ್ನು ‘ಬೋಮಾ’ ಎಂಬ, ವಿದ್ಯುತ್ ಬೇಲಿಯ ಆವರಣದಲ್ಲಿ ಕೆಲವು ವಾರಗಳೋ ತಿಂಗಳುಗಳೋ ಕೂಡಿಡುತ್ತಾರೆ. ಒಂದೆಡೆಯಿಂದ ತಂದ ಗಂಡುಗಳೂ ಇನ್ನೊಂದೆಡೆಯಿಂದ ತಂದ ಹೆಣ್ಣುಗಳೂ ಅಲ್ಲಿ ಒಂದಾಗಬೇಕು. ನಾಯಿಯ ಲೋಕ ವಾಸನೆಯ ಲೋಕವಷ್ಟೆ. ಆದುದರಿಂದ ಅರಿವಳಿಕೆಯಲ್ಲಿ ಮಲಗಿರುವಾಗಲೇ ಒಂದರ ಮೈಯನ್ನು ಇನ್ನೊಂದರ ಮೈಗೆ ಉಜ್ಜುತ್ತಾರೆ. ಎಚ್ಚರಗೊಂಡಾಗ ಪಕ್ಕದಲ್ಲಿರುವುದು ಪರಕೀಯವೆನಿಸದು. ಬೋಮಾದಲ್ಲಿ ಚೆನ್ನಾಗಿ ಬೆಸೆದುಕೊಂಡ ಹಿಂಡು ಕಾಡಿನಲ್ಲಿಯೂ ಉಳಿಯುತ್ತದೆ. ಬೆಸೆಯದಿದ್ದುದು ಚದುರಿ ನಾಶವಾಗುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದನ್ನೇ ಸಾರಿ ಹೇಳಿತು.

ಆದರೂ ಅಪಾಯ ತಪ್ಪಿದ್ದಲ್ಲ. ಮದಿಕ್ವೆ ಅಭಯಾರಣ್ಯದಲ್ಲಿ ಕಾಡಿನ ನಾಯಿಗಳನ್ನೂ ಸೆರೆಯಲ್ಲಿ ಬೆಳೆದವನ್ನೂ ಕೂಡಿಸಿ ಬಿಟ್ಟ ಹಿಂಡು ಚೆನ್ನಾಗಿಯೇ ಬೆಳೆದಿತ್ತು. 1997ರಲ್ಲಿ ರೇಬೀಸ್ ಹೊಕ್ಕಿತು. ಮೂರು ಮರಿಗಳು ಮಾತ್ರ ಉಳಿದವು. ಒಂದನ್ನೊಂದು ನೆಕ್ಕಿ, ಬಾಯಿಂದ ಬಾಯಿಗೆ ಉಣಿಸುವ ಪ್ರೀತಿಯೇ ರೋಗಕ್ಕೆ ದಾರಿಯಾದುದು ವಿಷಾದದ ಸಂಗತಿ. ಬಿಡುವ ಮುನ್ನ ಲಸಿಕೆ ಹಾಕುವುದು ಎಷ್ಟು ಅವಶ್ಯವೆಂಬುದನ್ನು ಇಂತಹ ಅನುಭವಗಳೇ ಮನಗಾಣಿಸಿದವು.

ಸಂಬಂಧ ಕೂಡಿಸುವ ಹಿರಿಯರು

ಪ್ರಾಯಕ್ಕೆ ಬಂದ ಅಣ್ಣತಮ್ಮಂದಿರು ಅಥವಾ ಅಕ್ಕತಂಗಿಯರು ಜೊತೆಗೂಡಿ ಹುಟ್ಟಿದ ಹಿಂಡನ್ನು ಬಿಟ್ಟು, ದೂರದಲ್ಲಿ ಸಂಗಾತಿಗಳನ್ನು ಹುಡುಕಿ ಹೊಸ ಹಿಂಡು ಕಟ್ಟುವುದು ಈ ಪ್ರಾಣಿಗಳ ಸಹಜ ಕ್ರಮ. ಬೇಲಿ ಹಾಕಿದ ಸಣ್ಣ ಅಭಯಾರಣ್ಯಗಳಲ್ಲಿ ಇದು ಸಾಧ್ಯವಿಲ್ಲ. ಆದಕಾರಣ 1998ರಿಂದ ದಕ್ಷಿಣ ಆಫ್ರಿಕದಲ್ಲಿ ಆ ಕೆಲಸವನ್ನು ಮನುಷ್ಯರೇ ವಹಿಸಿಕೊಂಡಿದ್ದಾರೆ. ಒಂದು ಅಭಯಾರಣ್ಯದ ಗಂಡುಗಳಿಗೆ ಇನ್ನೊಂದರ ಹೆಣ್ಣುಗಳನ್ನು ತಂದುಕೊಡುವ ಇವರನ್ನು ಸಂಬಂಧ ಕೂಡಿಸುವ ಹಿರಿಯರೆನ್ನಬಹುದು. ಹತ್ತು ವರ್ಷಗಳಲ್ಲಿ ಒಂಬತ್ತು ಹಿಂಡುಗಳು ಎಂಬ ಅವರ ಗುರಿ ಆ ಅವಧಿಯೊಳಗೇ ಕೈಗೂಡಿತು.

2018ರಲ್ಲಿ ಇಲ್ಲಿಂದಲೇ 14 ನಾಯಿಗಳು ಮೊಜಾಂಬಿಕ್ ದೇಶದ ಗೊರೊಂಗೋಸ ಉದ್ಯಾನಕ್ಕೆ ವಿಮಾನದಲ್ಲಿ ಹೋದವು. 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅಲ್ಲಿಯ ದೊಡ್ಡ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾಗಿದ್ದವು. ಬೇಟೆಗಾರ ಪ್ರಾಣಿಗಳಿಲ್ಲದೆ ಹೋದುದರಿಂದ, ಪೊದೆಗಳಲ್ಲಿ ಅಡಗಿ ಬಾಳಬೇಕಾದ ಬುಷ್‌ಬಕ್ ಎಂಬ ಹುಲ್ಲೆಗಳು ನಿರ್ಭಯವಾಗಿ ಬಯಲಿಗಿಳಿದು ಮೇಯತೊಡಗಿದ್ದವು. ಸಂಶೋಧಕರು ಚಿರತೆಯ ಕೂಗನ್ನು ಕೇಳಿಸಿದಾಗ, ಮಾಂಸಾಹಾರಿಗಳ ವಾಸನೆಯನ್ನು ಹರಡಿದಾಗ, ಅವು ಮರೆಯತ್ತ ಸರಿದವು. ಬೇಟೆಗಾರನು ಕೊಲ್ಲುವುದರಿಂದ ಮಾತ್ರವಲ್ಲ, ಹುಟ್ಟಿಸುವ ಭಯದಿಂದಲೂ ಕಾಡಿನ ಹಸುರನ್ನು ತಿದ್ದುತ್ತಾನೆಂಬುದು ಇದರಿಂದ ವೇದ್ಯವಾಗುತ್ತದೆ. 2019ರಲ್ಲಿ ಇನ್ನೊಂದು ಹಿಂಡನ್ನೂ ಅಲ್ಲಿಗೆ ತಂದರು.

ನಮ್ಮ ಸೀಳುನಾಯಿ

ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಸಿಳ್ಳುಹಾಕುತ್ತ ಬೇಟೆಯಾಡುವ ನಮ್ಮ ಸೀಳುನಾಯಿಯೂ ಇದೇ ವಂಶದ ದಾಯಾದಿ. ಬಾಳುವ ರೀತಿಯೂ ಹೆಚ್ಚುಕಡಿಮೆ ಅದೇ. ಒಂದು ಕಾಲದಲ್ಲಿ ಇದರ ತಲೆಗೂ ಬಹುಮಾನ ಕಟ್ಟಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಇದಕ್ಕೆ ರಕ್ಷಣೆ ದೊರೆಯಿತು. ಆದರೂ ಇಂದು ಇದು ಅಪಾಯದಲ್ಲಿರುವ ಪ್ರಾಣಿಗಳ ಸಾಲಿನಲ್ಲಿಯೇ ಇದೆ. ಮುರಿದ ಸಂಸಾರವನ್ನು ಮತ್ತೆ ಹೂಡಲು ಎಷ್ಟು ಬುದ್ಧಿ, ಎಷ್ಟು ತಾಳ್ಮೆ, ಎಷ್ಟು ವರ್ಷಗಳು ಬೇಕೆಂಬುದನ್ನು ಆಫ್ರಿಕದ ಅನುಭವ ತಿಳಿಸಿದೆ. ನಮ್ಮ ಕಾಡಿನ ಸಂಸಾರ ಇನ್ನೂ ಮುರಿದಿಲ್ಲ. ಅದನ್ನು ಮುರಿಯದಂತೆ ಕಾಯುವುದೇ ಸುಲಭವಾದ ಮಾರ್ಗವಲ್ಲವೆ?